ಟಿವಿ ಮುಂದಿನ ನೀಲಿ ಲೋಟ

ದೀಪ ಸಣ್ಣ ಮಾಡಿ ಕೂತುಕೊಳ್ಳಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ಇಲ್ಲೇ, ಗ್ರೀಸಿನ ಈ ಮಾನಿ ಸೀಮೆಯಲ್ಲಿ, ನಮ್ಮ ಪಕ್ಕದ ಮನೆಯ ಲಿಯಾಕೋಸ್‌ಗೆ ಆದದ್ದು.

ಅವತ್ತು ಕಾಫಿ ಅಂಗಡಿ ಮುಚ್ಚಿದ ಮೇಲೆ ಅವನೊಬ್ಬನೇ ಮನೆಗೆ ಹೊರಟಿದ್ದ. ದಾರಿಯಲ್ಲಿ ಚರ್ಚಿನ ಹಿಂದಿನ ಹಳೇ ಬಾವಿ. ಹೆಂಡತಿ ಸ್ತಮಾಟಾ ತೀರಿಕೊಂಡು ನಲವತ್ತು ದಿನ ತುಂಬುವುದಕ್ಕೆ ಬಂದಿತ್ತು. ಅವನು ಒಮ್ಮೆಯೂ ಅತ್ತಿರಲಿಲ್ಲ. ಕೈ ಮೇಲೆ ಮಲಗಿ ಎದ್ದರೆ ಜೋಮು ಹಿಡಿಯುತ್ತದಲ್ಲ, ಇಡೀ ಮೈ ಹಾಗಿತ್ತು.

ಸ್ತಮಾಟಾ ನಾಟಕದವಳು. ಅಥೆನ್ಸಿನವರು ಮಾಡಿದ ಒಂದು ವಿಡಿಯೋ ಗೇಮಿನಲ್ಲಿ ಪೆರ್ಸೆಫೊನಿಗೆ ದನಿ ಅವಳದೇ, ನಡಿಗೆಯೂ ಅವಳದೇ. ಅದೇ, ದಾಳಿಂಬೆ ತಿಂದು ಪಾತಾಳದ ರಾಣಿಯಾದಳಲ್ಲ, ಆ ದೇವತೆ. ಆಟದ ಕೊನೆಗೆ ಅವಳು ಬಾವಿಕಟ್ಟೆಯ ಮೇಲೆ ಕೂತಿರುತ್ತಾಳೆ. ದಾಳಿಂಬೆ ಕೊಟ್ಟರೆ ಎದ್ದು ಪಾತಾಳಕ್ಕೆ ಇಳಿಯುತ್ತಾಳೆ, ಆಟ ಮುಗಿಯುತ್ತದೆ. ಲಿಯಾಕೋಸ್ ಕೊಡುತ್ತಿರಲಿಲ್ಲ. ಊರವರಿಗೆ ಕೇಳಿಸದ ಹಾಗೆ ಕಿಟಕಿಗಳನ್ನೆಲ್ಲ ಭದ್ರ ಮಾಡಿ, ಬೆಳಗಿನವರೆಗೆ ಅವಳ ದನಿ ಕೇಳುತ್ತ ಕೂರುತ್ತಿದ್ದ.

ಸತ್ತವರ ಜೀವ ನಲವತ್ತು ದಿನ ಮನೆ ಸುತ್ತಲೇ ಇರುತ್ತದೆ. ಬಾಯಾರಿರುತ್ತದೆ. ಅದಕ್ಕೇ ನಾವು ಕಿಟಕಿ ತೆರೆದು ಒಂದು ಲೋಟ ನೀರಿಡುತ್ತೇವೆ. ಅವನೂ ಇಟ್ಟಿದ್ದ... ಅಂಚಿನಲ್ಲಿ ಚಕ್ಕೆ ಹಾರಿದ, ಅವಳದೇ ನೀಲಿ ಲೋಟ. ಇಟ್ಟದ್ದು ಟಿವಿ ಮುಂದೆ.

ಅವತ್ತು ಮಧ್ಯಾಹ್ನವೇ ಅತ್ತೆ ಗರುಫಲ್ಯಾ ಬಂದು ಕೇಳಿದ್ದರು. ಸತ್ತವರ ಹೆಸರಲ್ಲಿ ಗೋಧಿ ಬೇಯಿಸಿ, ದಾಳಿಂಬೆ ಬೆರೆಸಿ ಹಂಚಬೇಕಲ್ಲ, ಅದರ ಮಾತು.

"ಗೋಧಿ ನೆನೆಹಾಕ್ಲೇನಪ್ಪಾ?"

"ಬೇಡ ಅತ್ತೆ. ನಲವತ್ತರ ಕಾರ್ಯ ಮಾಡಿದ್ರೆ ಅವಳು ಹೋಗ್ಬಿಡ್ತಾಳೆ."

"ಹೋಗ್ಬೇಕಾದವಳೇ ಕಣೋ. ಹೆತ್ತವಳು ನಾನು ಹೇಳ್ತಿದೀನಿ. ಕುರಿ ಕಟ್ಟಿದ ಹಾಗೆ ಕಟ್ಟಿಕೊಂಡು ಕೂತಿದೀಯಲ್ಲ."

ಅವನು ಎದ್ದು ಕಾಫಿ ಅಂಗಡಿಗೆ ಹೊರಟುಬಿಟ್ಟಿದ್ದ.

ಈಗ, ಅಂಗಡಿಯಿಂದ ಮರಳುವಾಗ, ಬಾವಿಯ ಹತ್ತಿರ ಬಂದ. ಕಿರ್... ಕಿರ್... ರಾಟೆಯ ಸದ್ದು. ಆ ಬಾವಿಯ ರಾಟೆ ಬಿಚ್ಚಿ ಎಷ್ಟೋ ವರ್ಷವಾಯಿತು. ಆಮೇಲೆ ಗುಳುಕ್ ಅಂತ ಒಂದು ಸದ್ದು, ಕೊಡ ಮುಳುಗಿದ ಹಾಗೆ.

"ಲಿಯಾಕೋ..."

ಕಟ್ಟೆಯ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದರು, ಎಡಭುಜ ಕೊಂಚ ಇಳಿಬಿಟ್ಟು. ಸ್ತಮಾಟಾ ಕೂರುತ್ತಿದ್ದದ್ದು ಹಾಗೆ. ಆಟದ ದೇವತೆಯೂ ಹಾಗೇ.

"ನೀನಾ?" ಅಂತ ಪಿಸುಗುಟ್ಟಿದ.

"ಬಾಯಾರಿಕೆ."

"ನೀರಿಟ್ಟಿದೀನಲ್ಲ..."

"ಅದು ಒಳಗಿದೆ. ನಾನು ಹೊರಗಿದೀನಿ."

ಆಟದಲ್ಲಿ ಈ ಮಾತಿಲ್ಲ. ಅವಳ ಒಂದೊಂದು ಮಾತೂ ಅವನಿಗೆ ಬಾಯಿಪಾಠ. ಹೆದರಿಕೆಯೇನೂ ಆಗಲಿಲ್ಲ. ಜೋಮು ಬಿಡುವಾಗ ಚುಚ್ಚುತ್ತದಲ್ಲ, ಎದೆಯಲ್ಲಿ ಹಾಗೆ ಚುಚ್ಚಿತು, ಅಷ್ಟೇ.

"ಕಿಟಕಿ ತೆಗೀಲಾ?"

"ತೆಗಿ... ಆಮೇಲೆ ನನ್ನ ಕಳಿಸಿಕೊಡು."

ಕಣ್ಣು ಮಿಟುಕಿಸಿದ. ಕಟ್ಟೆ ಬರಿದಾಗಿತ್ತು.

ಮನೆಗೆ ಹೋಗಿ ಕಿಟಕಿ ತೆರೆದ. ಲೋಟವನ್ನು ಅಲ್ಲಿಟ್ಟ. ಸೀದಾ ಹೋಗಿ ಅತ್ತೆಯ ಬಾಗಿಲು ತಟ್ಟಿದ.

"ಗೋಧಿ ನೆನೆಹಾಕಿ ಅತ್ತೆ."

"ಸಂಜೆಗೇ ಹಾಕಿದೀನಿ," ಅಂದರು ಗರುಫಲ್ಯಾ. "ಒಳಗೆ ಬಾ. ದಾಳಿಂಬೆ ಬಿಡಿಸು."

ಅಲ್ಲೇ ನೆಲದ ಮೇಲೆ ಕೂತು ದಾಳಿಂಬೆ ಬಿಡಿಸುತ್ತಾ ಅವನು ಅತ್ತ. ಅತ್ತೆ ಸುಮ್ಮನೆ ಇನ್ನೊಂದು ಹಣ್ಣು ಮುಂದಿಟ್ಟರು.

ಬೆಳಿಗ್ಗೆ ನೋಡಿದರೆ ಕಿಟಕಿಯಲ್ಲಿ ಲೋಟವಿಲ್ಲ. ಮನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ಕಾರ್ಯ ಮುಗಿದ ಸಂಜೆ ಅವನು ಆಟದಲ್ಲಿ ದೇವತೆಗೆ ದಾಳಿಂಬೆ ಕೊಟ್ಟ. ಅವಳು ಎದ್ದಳು, ಮೆಟ್ಟಿಲಿಳಿದಳು, ತಿರುಗಿ ನೋಡಲಿಲ್ಲ. ಆಮೇಲೆ ಅವನು ಆ ಆಟ ಹಾಕಲೇ ಇಲ್ಲ.

ಇಷ್ಟೇ ಆಗಿದ್ದರೆ ದುಃಖದವನ ಕಣ್ಣಿಗೆ ಕಂಡದ್ದು ಅಂದುಬಿಡಬಹುದಿತ್ತು. ಮೊನ್ನೆ ಕಲಮಾಟಾ ಪಟ್ಟಣದಿಂದ ಅವನ ತಂಗಿ ಫೋನ್ ಮಾಡಿದ್ದಳು. ಅದೇ ಆಟವನ್ನು ಹೊಸದಾಗಿ ಕೊಂಡಳಂತೆ. ದೇವತೆಯ ಪಕ್ಕ ಬಾವಿಕಟ್ಟೆಯ ಮೇಲೆ ಒಂದು ನೀಲಿ ಲೋಟವಿದೆಯಂತೆ. ಮಾಡಿದವರನ್ನೇ ಕೇಳಿದರೆ, ನಾವು ಇಟ್ಟಿಲ್ಲ ಅಂದರಂತೆ.

ನಂಬದಿದ್ದರೆ ಬಿಡಿ. ನಾನೇ ಆ ತಂಗಿಯ ಮನೆಗೆ ಹೋಗಿ ನೋಡಿಕೊಂಡು ಬಂದೆ. ಅಂಚಿನಲ್ಲಿ ಚಕ್ಕೆ ಹಾರಿದೆ. ಲೋಟ ಖಾಲಿಯಿದೆ.