ಮಾಟ ಅಲ್ಲ, ಮಾಟ್ಟಂ

ಉಳ್ಳೂರಿನ ಆಸ್ಪತ್ರೆಯಲ್ಲಿ ಗೆಳತಿಯ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮೈಸೂರು ಕಡೆಯ ತಾಯಿ, ಮಗಳು. ಕೀಮೋಗೆ ಮುಂಚೆ ಮಾಡಿಸಿದ್ದ ಜೀನ್ ಪರೀಕ್ಷೆಯ ವರದಿ ತಂದ ನರ್ಸ್ ಮಲಯಾಳದಲ್ಲಿ, “ಮಾಟ್ಟಂ ಉಂಡ್” ಎಂದು ಹೇಳಿ ಹೋದರು.

“ನಂದಿತಾ, ಮಾಟ ಅಂದ್ಳಲ್ಲೇ! ಯಾರು ಮಾಡಿಸಿದ್ದು?”

“ಅಯ್ಯೋ ಅಮ್ಮ, ಮಾಟ್ಟಂ ಅಂದ್ರೆ ಮಲಯಾಳದಲ್ಲಿ ಬದಲಾವಣೆ. ನಿನ್ನ ಜೀನ್‌ನಲ್ಲಿ ಒಂದು ಬದಲಾವಣೆ ಇದೆಯಂತೆ. ಕೀಮೋ ಔಷಧಿ ನಿನ್ನ ಮೈಯಿಂದ ಬೇಗ ಹೊರಗೆ ಹೋಗಲ್ಲ. ಪೂರ್ತಿ ಕೊಟ್ರೆ ವಿಷ ಆಗತ್ತೆ. ಹಾಗಿದ್ರೆ ಅರ್ಧದಿಂದ ಶುರು ಮಾಡ್ತೀವಿ ಅಂತ ಡಾಕ್ಟರು ಮೊದಲೇ ಹೇಳಿದ್ರು.”

“ಅರ್ಧಕ್ಕೆ ಕಾಯಿಲೆ ಹೋಗತ್ತಾ?”

“ನೋಡ್ಕೊಂಡು ಹೆಚ್ಚಿಸ್ತಾರಂತೆ.”

“ನಮ್ಮಕ್ಕನಿಗೆ ಪೂರ್ತಿ ಕೊಟ್ಟಿದ್ರು. ಎರಡನೇ ವಾರಕ್ಕೆ ಬಾಯೆಲ್ಲ ಹುಣ್ಣು, ನೀರೂ ಇಳೀತಿರ್ಲಿಲ್ಲ. ಅದರಲ್ಲೇ ಹೋದ್ಳು.”

ಮಗಳು ವರದಿಯನ್ನು ಮಡಚಿ ಬ್ಯಾಗಿಗಿಟ್ಟಳು.

“ಅವಳಿಗೂ ಇದೇ ಇತ್ತೇನೇ?”

“ಇದ್ದಿರಬಹುದು. ಆಗ ಈ ಟೆಸ್ಟ್ ಮಾಡಿಸಿರ್ಲಿಲ್ವಲ್ಲ.”

“ಎಲ್ಲರೂ ತಡ್ಕೊಳ್ತಾರೆ, ನೀನೊಬ್ಳೇ ನಾಟಕ ಆಡ್ತೀಯ ಅಂತ ಬೈದಿದ್ದೆ ಕಣೇ.”

ನರ್ಸ್ ಮತ್ತೆ ಬಂದು ಕರೆದರು. ತಾಯಿ ಏಳಲಾರದೆ ಕೂತಿದ್ದನ್ನು ನೋಡಿ, “ಪದುಕ್ಕೆ ಮದಿ, ಅಮ್ಮೇ” ಎಂದು ತಾವೇ ಕೈ ಹಿಡಿದರು.

“ಏನಂದ್ಳೇ?”

“ನಿಧಾನಕ್ಕೆ ಬಂದ್ರೆ ಸಾಕು ಅಂತ, ಅಮ್ಮ.”

ಮೂವರೂ ನಿಧಾನಕ್ಕೇ ಒಳಗೆ ಹೋದರು.