ಕೆಮ್ಮು ಯಾರದ್ದು?

ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಪಿಕಪ್ ಮಾಲೀಕನೊಬ್ಬ ತನ್ನ ಭಾಮೈದನ ಜೊತೆ ಕೂತಿದ್ದ. ಗಾಡಿಯ ಎಂಜಿನ್ ಕೆಟ್ಟಿತ್ತು. ಭಾಮೈದ ಗುಜರಿಯಲ್ಲಿ ಒಂದು ಹಳೆಯ ಎಂಜಿನ್ ನೋಡಿಕೊಂಡು ಬಂದಿದ್ದ.

“ಸ್ಟಾರ್ಟ್ ಮಾಡಿಸಿದ್ಯೇನೋ? ಸೌಂಡ್ ಹೆಂಗಿತ್ತು?”

“ಕೇಳಿ ಭಾವ. ಗುರ್ರ್... ಡಬಡಬಡಬ... ಖೊಖ್ ಖೊಖ್!”

“ಬೇಡಪ್ಪ, ಕೆಮ್ಮುತ್ತೆ.”

“ಅಯ್ಯೋ, ಕೆಮ್ಮು ನಂದು! ಅದಕ್ಕೇ ತಾನೆ ಇಲ್ಲಿಗೆ ಬಂದಿರೋದು?”

“ಹೊಗೆ ಬಿಡುತ್ತಾ?”

“ನಿನ್ನೆಯಿಂದ ಬೀಡಿ ಬಿಟ್ಟಿದ್ದೀನಿ ಭಾವ.”

“ನಿನ್ನ ಬಗ್ಗೆ ಅಲ್ಲ ಕಣೋ, ಎಂಜಿನ್ ಬಗ್ಗೆ ಕೇಳಿದ್ದು! ಗಾಡಿ ನಿಂತ್ರೆ ನನ್ನ ಹೊಟ್ಟೆಪಾಡೇ ನಿಂತಂಗೆ. ಇನ್ನೊಂದ್ಸಲ ಸ್ಟಾರ್ಟ್ ಮಾಡು.”

“ಗುರ್ರ್... ಖೊಖ್!”

“ನೋಡು, ಮತ್ತೆ!”

ಅಷ್ಟರಲ್ಲಿ ನರ್ಸ್ ಕರೆದರು.

“ನಡಿ, ಡಾಕ್ಟರ್ ಮುಂದೆ ಸ್ಟಾರ್ಟ್ ಮಾಡು. ಕೆಮ್ಮು ನಿಂದೇ ಅಂತ ಅವರು ಹೇಳಿದ್ರೆ ಎಂಜಿನ್ ತಗೊಳ್ಳೋಣ.”

ಬಾಗಿಲು ಮುಚ್ಚಿತು. ಒಳಗಿನಿಂದ ಡಬಡಬಡಬ ಕೇಳಿಸಿತು.