ಅಯ್ಯಯ್ಯೋ ಹಿಡಿ

ಹಿಡಿ, ಹಿಡಿ... ಅಯ್ಯೋ, ಆ ಹಿಡಿ ಅಲ್ಲ ಕಣೇ, ಟಾರ್ಚ್ ಹಿಡಿ ಅಂದೆ! ಆ ಹಿಡಿ ನನ್ನ ಕೈಯಲ್ಲೇ ಇದೆ. ಹಾಂ, ಸ್ವಲ್ಪ ಕೆಳಗೆ. ಸಾಕು. ಹೆಂಡತಿ ಅಂದ್ರೆ ಹೀಗಿರಬೇಕು ನೋಡು... ಕೈ ಮೇಲೆ, ಬಾಯಿ ಬಂದ್.

ಡ್ರೈವರ್ ಸೀಟಲ್ಲಿ ಕೂತಿದೀನಿ ಅಂತ ಮೆರೀಬೇಡ. ಟಾರ್ಚ್ ಹಿಡಿಯೋಕೆ ಕೂರಿಸಿದೀನಿ, ಓಡಿಸೋಕಲ್ಲ. ಏ, ಏ... ಹಾರ್ನ್ ಮುಟ್ಟಬೇಡ! ತರಕಾರಿ ತರೋಕೆ ಓಡಿಸ್ತೀಯಲ್ಲ, ಆ ನಿನ್ನ ಡಬ್ಬಾ ಕಾರಿನ ಪೀಪಿ ಅಂದ್ಕೊಂಡ್ಯಾ? ಸ್ಪೋರ್ಟ್ಸ್ ಕಾರಿನ ಹಾರ್ನು, ಕಾರಿನಷ್ಟೇ ವಯಸ್ಸು ಅದಕ್ಕೆ. ಒತ್ತಿದ್ರೆ ಬೀದಿಯೆಲ್ಲ ಬಂದು ನಿಲ್ಲುತ್ತೆ. ಹಗಲಲ್ಲೂ ಗ್ಯಾರೇಜಿನ ಶಟರ್ ಎಳೆದಿರೋದು ಮತ್ಯಾಕೆ? ಎದುರುಮನೆ ಓವರ್‌ಸಿಯರ್ ಕಾಲಿಟ್ಟರೆ ಮುಗೀತು, ಸ್ಕ್ರೂ ತಿರುಗೋ ಮುಂಚೆ ಅವರ ನಾಲಿಗೆ ತಿರುಗುತ್ತೆ.

ಏನು? ಯಾಕೆ ನಗ್ತೀಯ? ಡ್ಯಾಶ್‌ಬೋರ್ಡ್ ಗಡಿಯಾರಕ್ಕೇನಾಗಿದೆ? ನಿನ್ನೆ ನಾನೇ ಕೂರಿಸಿದ್ದು... ತಲೆಕೆಳಗಾ?

...ಗೊತ್ತು ಬಿಡು. ಬೇಕಂತಲೇ ಹಾಗೆ ಕೂರಿಸಿದ್ದು. ಯಾಕಂದ್ರೆ... ವೈರು ಮೇಲಿಂದ ಬರುತ್ತಲ್ಲ, ಅದಕ್ಕೆ. ಹನ್ನೆರಡಿರೋ ಕಡೆ ಆರು ಅಂದ್ಕೋ, ಅಷ್ಟೇ ತಾನೇ! ನಿಮ್ಮಣ್ಣನ್ನ ನೋಡಿಕೊಂಡು ಬೆಳೆದವಳಿಗೆ ತಲೆಕೆಳಗಾಗಿರೋದು ಹೊಸದಾ?

ನಗು, ನಗು. ಟಾರ್ಚ್ ಅಲ್ಲಾಡಿಸಬೇಡ.

ಸೀಟು ಮುಂದಕ್ಕೆ ಬಂದಿದೆ ಅಂತೀಯಾ? ಅದರ ಕಂಬಿ ತುಕ್ಕು ಹಿಡಿದು ಕಚ್ಕೊಂಡಿದೆ. ನಿನ್ನ ಕಾಲಳತೆಗೇ ಸರಿಯಾಗಿ ಕಚ್ಕೊಂಡ್ರೆ ನಾನೇನು ಮಾಡಲಿ?

ಇನ್ನು ಈ ಹಿಡಿ. ಪ್ರಾಣ ತಿಂದಿದ್ದು ಯಾರು? 'ಪಕ್ಕದಲ್ಲಿ ಕೂರೋರಿಗೆ ಹಿಡ್ಕೊಳ್ಳೋಕೆ ಏನಾದ್ರೂ ಹಾಕ್ಸ್ರೀ, ಹಾಕ್ಸ್ರೀ' ಅಂತ ಮದುವೆ ಆದಾಗಿಂದ ಒಂದೇ ಹಾಡು. ತಿರುವು ಬಂದ್ರೆ ಸಾಕು, ಅಯ್ಯಯ್ಯೋ ಅಂತ ನನ್ನ ಮೊಣಕೈಗೆ ಜೋತುಬೀಳ್ತಿದ್ದೆ. ಒಂದ್ಸಲ ಗೇರನ್ನೇ ಹಿಡ್ಕೊಂಡೆಯಲ್ಲ, ಮಾರಾಯ್ತಿ! 'ಅಯ್ಯಯ್ಯೋ ಹಿಡಿ' ಅಂತ ಹೆಸರಿಟ್ಟವಳೂ ನೀನೇ. ಇಂಥ ತೇಗದ ಡ್ಯಾಶ್‌ಬೋರ್ಡಿಗೆ ತೂತು ಹೊಡೆಯೋ ಬದಲು ಹೆಂಡತಿನ ಮನೇಲಿ ಬಿಟ್ಟು ಬರ್ತೀನಿ ಅಂದಿದ್ದೆ... ಅಂದಿದ್ದೆ, ಇಲ್ಲ ಅನ್ನಲ್ಲ. ಈಗ ಮನಸ್ಸು ಬದಲಾಯ್ತು. ಗಂಡಸರಿಗೂ ಯಾವಾಗಲೋ ಒಮ್ಮೆ ಬುದ್ಧಿ ಬರುತ್ತಪ್ಪ. ಭಾನುವಾರ ಊರ ತುಂಬ ಹಳೇ ಕಾರುಗಳ ಮೆರವಣಿಗೆ. ನೀನು ಪಕ್ಕದಲ್ಲಿ ಹಿಡಿ ಹಿಡ್ಕೊಂಡು ಮಹಾರಾಣಿ ಥರ ಕೂರಬೇಡವಾ?

ಥೂ! ಸ್ಕ್ರೂ ಬಿತ್ತು. ಎಲ್ಲಿ... ನಿನ್ನ ಕಾಲ ಹತ್ರಾನಾ? ಹಾಂ ಹಾಂ, ನನಗೂ ಕಾಣ್ತು. ಆದ್ರೂ ನೀನೇ ಎತ್ತಿ ಕೊಡು, ಸೊಂಟ ಬಗ್ಗಲ್ಲ. ಇನ್ನೊಂದಿದೆಯಾ ಅಲ್ಲಿ? ಇದೆಯೋ, ಇಲ್ಲವೋ? ತಲೆಯಾಡಿಸಬೇಡ, ಬಾಯಿ ಬಿಟ್ಟು ಹೇಳು. ನಾನು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿದೀನಿ, ನಿನ್ನ ಕತ್ತು ಹೇಗೆ ಕಾಣಬೇಕು?

ಅಳಿಯನ ಕೈಲಿ ಮಾಡಿಸಬಹುದಿತ್ತಾ? ಅವನು ಕಂಪ್ಯೂಟರ್ ಹಚ್ಚಿ ನೋಡೋ ಮೆಕ್ಯಾನಿಕ್ಕು. ನಾನು ಬೆರಳಲ್ಲೇ ನೋಡೋನು... ಅಂದ್ರೆ, ಬೆರಳಲ್ಲೇ ಮಾಡೋನು ಅಂದೆ. ಬೆರಳಿಗೆ ಅಭ್ಯಾಸ ಅಂದೆ!

ಹಾಂ... ಈ ತುದಿ ಕೂತ್ಕೊಳ್ತು. ಈಗ ಆ ತುದಿ. ಬೆಳಕು ಒಳ್ಳೇ ಜಾಗಕ್ಕೆ ಬೀಳ್ತಿದೆ, ಹಾಗೇ ಇರು. ಒಂಚೂರೂ ಅಲ್ಲಾಡಬೇಡ. ಹಿತ್ತಾಳೆ ಹೇಗೆ ಫಳಫಳ ಅಂತಿದೆ ನೋಡು! ಟಾರ್ಚ್ ಹಿಡಿಯೋದ್ರಲ್ಲಿ ನಿನ್ನ ಮೀರಿಸೋರಿಲ್ಲ ಬಿಡು...



ಲೇ.

ನಗೋದು ಯಾಕೆ ನಿಲ್ಲಿಸಿದೆ? ಉಸಿರಾಡೋದು ಕೇಳ್ತಿದೆ... ಮೂಗು ಸೊರಸೊರ ಅಂತಿದೆ. ಏನಾಯ್ತೀಗ? ಕೊಡಿಲ್ಲಿ ಆ ಟಾರ್ಚು. ಕೊಡು...

ಟಾರ್ಚಿನ ಗುಂಡಿ ಹಿಂದಕ್ಕಿದೆ.

ಯಾವಾಗ ಆರಿಸಿದೆ? ಈಗಲಾ? ಸ್ಕ್ರೂ ಬಿದ್ದಾಗಲಾ?

...ಗಡಿಯಾರ ನೋಡಿದಾಗಲೇನಾ?

ಸರಿ. ಹೇಳಬೇಡ.

ಬಿಸಿಲಿದ್ರೆ ಅಂಚು ಅಂಚು ಕಾಣುತ್ತೆ ಕಣೇ. ನಿನ್ನ ಮೂಗು ಕಾಣುತ್ತೆ... ಅದಕ್ಕೇನು, ಯಾರಿಗಾದ್ರೂ ಕಾಣುತ್ತೆ. ಮಬ್ಬಾದ್ರೆ ಮುಗೀತು, ಏನೇನೂ ಇಲ್ಲ. ಡಾಕ್ಟರಮ್ಮ ಇನ್ನು ಸ್ಟೇರಿಂಗ್ ಮುಟ್ಟಲೇಬಾರದು ಅಂದ್ಲು. ಕಾರು ಯಾರಿಗಾದ್ರೂ ಕೊಟ್ಟುಬಿಡಿ ಅಂದ್ಲು. ನಿಮ್ಮ ಕನ್ನಡಕ ಮೊದಲು ಒರೆಸಿಕೊಳ್ಳಿ ಅಂತ ಹೇಳಿ ಎದ್ದು ಬಂದೆ.

ಭಾನುವಾರ ಬೆಳಗ್ಗೆ ಸೊಂಟ ಹಿಡೀತು ಅಂತ ಒದ್ದಾಡೋದು, 'ಹೋಗ್ಲಿ, ಇವತ್ತೊಂದಿನ ನೀನೇ ಓಡಿಸಿ ಸಾಯಿ' ಅಂತ ದೊಡ್ಡ ಉಪಕಾರ ಮಾಡಿದ ಹಾಗೆ ಕೀ ಬಿಸಾಡೋದು... ಅಂದ್ಕೊಂಡಿದ್ದೆ. ಆಮೇಲೂ ದಿನಾ ಸೊಂಟ ಹಿಡಿಸಿಕೊಳ್ಳೋದು ಹೇಗೆ ಅಂತ ಇನ್ನೂ ಹೊಳೆದಿರಲಿಲ್ಲ.

ಈ ಹಿಡಿ ನಿನಗಲ್ಲ ಕಣೇ. ನನಗೆ. ಅಯ್ಯಯ್ಯೋ ಅನ್ನೋ ಕೆಲಸ ಇನ್ಮೇಲೆ ನಂದು.

ತಗೋ, ಕೀ. ಎಲ್ಲಿ ನಿನ್ನ ಕೈ... ಹಾಂ. ಕ್ಲಚ್ಚು ಮಾತ್ರ ಬಟ್ಟೆ ತುಳಿದ ಹಾಗೆ ತುಳೀಬೇಡ. ಅದು ನನಗಿಂತ ಸೂಕ್ಷ್ಮ.

ಓಡಿಸ್ತೀಯಾ?

ಮತ್ತೆ ತಲೆಯಾಡಿಸ್ತಿದೀಯಾ? ಕಾಣಲ್ಲ ಅಂದ್ನಲ್ಲ! ಬಾಯಿ ಬಿಡೋಕಾಗಲ್ಲ ಅಂದ್ರೆ... ಹೂಂ ಅನ್ನೋದಾದ್ರೆ, ಹೋಗ್ಲಿ, ಹಾರ್ನ್ ಒತ್ತು.

ಅಯ್ಯಯ್ಯೋ! ಸಾಕು, ಸಾಕು ನಿಲ್ಸೇ! ಹೋಗಿರೋದು ಕಣ್ಣು ಕಣೇ, ಕಿವಿ ಅಲ್ಲ!